ದನಿ ಇಟ್ಟ ಪೆಟ್ಟಿಗೆ

ಅಮ್ಮನ ಗಂಟಲಿನ ಆಪರೇಷನ್‌ಗೆ ಡಾಕ್ಟರು ಮೂರು ವಾರದ ಗಡುವು ಕೊಟ್ಟಿದ್ದರು, ಆಮೇಲೆ ದನಿ ಇರದು ಎಂದಿದ್ದರು. ಆ ಮೂರು ವಾರದಲ್ಲಿ ಮಗಳು ಅಮ್ಮನ ದನಿಯನ್ನೆಲ್ಲ ಹಿಡಿದಿಟ್ಟಳು.

ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಮಧ್ಯಾಹ್ನ ಅಲ್ಲಿಂದ ಬಂದವಳೇ ಕಿಟಕಿ ಹಾಕಿ, ಬಾಗಿಲ ಸಂದಿಗೆ ದಿಂಬು ಒತ್ತಿ, ಅಮ್ಮನ ಮುಂದೆ ಫೋನ್ ಇಡುತ್ತಿದ್ದಳು. ಹಸಿವಾಗ್ತಿದೆ. ಬೆನ್ನು ನೋಯ್ತಿದೆ. ಕಿಟಕಿ ತೆಗಿ. ಸಾಕು. ಇನ್ನೊಂದು ಸಲ ಹೇಳು. ಹೀಗೆ ಒಟ್ಟು ನಾನೂರ ಹನ್ನೆರಡು ಮಾತು. ಆಮೇಲೆ ಪದ್ಯಗಳು. ಅಮ್ಮನಿಗೆ ಅಕ್ಷರ ಬಾರದು. ಚಿಕ್ಕಂದಿನಲ್ಲಿ ಯಾರೋ ಓದಿದ್ದನ್ನು ಕೇಳಿ ಕೇಳಿ ನೂರಾರು ಪದ್ಯ ನಾಲಿಗೆಯ ಮೇಲೆ ನಿಂತಿದ್ದವು. ಅವನ್ನು ಹೇಳುವಾಗ ಅವಳು ಕಣ್ಣು ಮುಚ್ಚುತ್ತಿದ್ದಳು, ಫೋನ್ ಇರುವುದೇ ಮರೆಯುತ್ತಿದ್ದಳು.

ಎಲ್ಲಕ್ಕಿಂತ ಕಾಡಿಸಿದ್ದು ‘ನಾನು ಚೆನ್ನಾಗಿದ್ದೀನಿ’ ಎಂಬ ಮಾತು. ಹನ್ನೊಂದು ಸಲ ಕೆಟ್ಟಿತು.

“ಕತ್ತು ಕೊಯ್ಸಿಕೊಳ್ಳೋಕೆ ಹೊರಟೋಳ ಬಾಯಲ್ಲಿ ಚೆನ್ನಾಗಿದ್ದೀನಿ ಅಂತ ಹೇಳಿಸ್ತೀಯಲ್ಲೇ,” ಎಂದು ಅಮ್ಮ ಪ್ರತಿ ಸಲವೂ ನಗುತ್ತಿದ್ದಳು. ಹನ್ನೆರಡನೆಯದು ಸರಿಯಾಗಿ ಬಂತು. ಆದರೆ ಕೊನೆಯಲ್ಲಿ ಮಗಳು ತಡೆದಿಟ್ಟಿದ್ದ ನಗು ಕಿಸಕ್ಕನೆ ಜಾರಿ ಅದರೊಳಗೆ ಸೇರಿಕೊಂಡಿತು. ಇರಲಿ ಬಿಡು ಎಂದು ಅವಳು ಹಾಗೇ ಬಿಟ್ಟಳು.

ಅಣ್ಣ ಬೀಗ ರಿಪೇರಿಯವನು. ಅಪ್ಪನದೂ ಅದೇ ಕಸುಬು, ಅದೇ ಅಂಗಡಿ, ಹಿಂದೆಯೇ ಮನೆ. ಕೀಲಿಕೈ ಕೊರೆಯುವ ಯಂತ್ರದ ಮೇಲಿನ ಹಲಗೆಯ ಮೇಲೆ ಅವನೊಂದು ಕಪ್ಪು ಪೆಟ್ಟಿಗೆ ಇಟ್ಟಿದ್ದ. ಮನೆಯ ಫೋಟೊ, ಕಾಗದಪತ್ರ ಎಲ್ಲ ಅದರ ಡಿಸ್ಕಿನಲ್ಲಿದ್ದವು. ಅಮ್ಮನ ದನಿಯೂ ಅಲ್ಲಿಗೇ ಹೋಯಿತು. ನನ್ನ ಫೋನಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಲಾ ಎಂದು ತಂಗಿ ಕೇಳಿದ್ದಳು. ಅಣ್ಣ ತಲೆ ಎತ್ತಲಿಲ್ಲ. ನಾಲ್ಕು ಕಡೆ ಬಿದ್ದಿದ್ದರೆ ಅದು ಬೀದಿಯ ಸೊತ್ತಾಗುತ್ತದೆ, ಒಂದೇ ಕಡೆ ಇರಲಿ ಎಂದ. ಊರಿಗೆಲ್ಲ ನಕಲಿ ಕೀಲಿಕೈ ಕೊರೆದುಕೊಟ್ಟ ಅಪ್ಪ ತನ್ನ ಮನೆಗೆ ಮಾತ್ರ ಎರಡನೆಯದನ್ನು ಎಂದೂ ಕೊರೆದವನಲ್ಲ. ಒಂದೇ ಕೀಲಿಕೈ, ಅದು ಅವನ ಸೊಂಟದಲ್ಲಿ. ಅವನ ಮಗಳೇ ಆದ ಅವಳಿಗೂ ಅಣ್ಣನ ಮಾತು ಸರಿ ಎನಿಸಿತು. ಫೋನಿನಲ್ಲಿದ್ದುದನ್ನು ಅಳಿಸಿಬಿಟ್ಟಳು.

ಅಣ್ಣನ ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಬೇರೆಯವರಾದರೆ ಮನೆಯ ನೆಟ್‌ವರ್ಕಿನಲ್ಲಿ ಹೊರಗಿನವರಿಗೂ ಕಾಣುವ ಬಾಗಿಲೊಂದನ್ನು ತೆರೆದು, ಅದಕ್ಕೊಂದು ಪಾಸ್‌ವರ್ಡ್ ತಗುಲಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅವನು ಇಂಟರ್‌ನೆಟ್ಟಿನ ಒಳಗೇ ಸುರಂಗವೊಂದನ್ನು ಕೊರೆದ. ಆ ಪೆಟ್ಟಿಗೆಯೇ ಹುಟ್ಟಿಸಿದ ಗುಟ್ಟಿನ ಅಂಕಿ-ಅಕ್ಷರಗಳ ಕೀಲಿಕೈ ಯಾವ ಯಂತ್ರದಲ್ಲಿದೆಯೋ ಅದಕ್ಕೆ ಮಾತ್ರ ದಾರಿ. ಬೇರೆ ಯಾರು ತಟ್ಟಿದರೂ ಅಲ್ಲಿ ಮನೆಯೇ ಇಲ್ಲವೇನೋ ಎಂಬಂಥ ಮೌನ. ಅಂಥ ಕೀಲಿಕೈ ಒಂದನ್ನು ಅಮ್ಮನ ಟ್ಯಾಬ್ಲೆಟ್ಟಿಗೆ ಹಾಕಿಕೊಟ್ಟ. ಅದರ ಗಾಜಿನ ಮೇಲೆ ತಂಗಿ ಬರೆದ ಚಿತ್ರಗಳು: ಬಟ್ಟಲು, ಕಿಟಕಿ, ಮಂಚ, ದೀಪ. ಅಮ್ಮ ಎಲ್ಲೇ ಇದ್ದು ಚಿತ್ರ ಮುಟ್ಟಿದರೂ ಟ್ಯಾಬ್ಲೆಟ್ಟು ಸುರಂಗದಲ್ಲಿ ಹೋಗಿ, ಪೆಟ್ಟಿಗೆಯಿಂದ ಅವಳ ಮಾತು ಎತ್ತಿಕೊಂಡು ಬರುತ್ತಿತ್ತು. ದೀಪ ಮುಟ್ಟಿದರೆ ಪದ್ಯ. ಹಳದಿ ಬಾಗಿಲು ಮುಟ್ಟಿದರೆ, ‘ಮಗಳ ಮನೆಗೆ ಹೋಗ್ತೀನಿ.’

ಆಪರೇಷನ್ ಆದ ಮೇಲೆ ಅಮ್ಮ ಒಂದು ತಿಂಗಳು ಮಗನ ಮನೆ, ಒಂದು ತಿಂಗಳು ಮಗಳ ಮನೆ ಎಂದಾಯಿತು.

ಪೆಟ್ಟಿಗೆಗೆ ಇನ್ನೊಂದು ಗುಣವಿತ್ತು. ಯಾವ ಯಂತ್ರ ಎಲ್ಲಿಂದ, ಯಾವಾಗ ಬಂತು, ಏನು ಎತ್ತಿಕೊಂಡು ಹೋಯಿತು ಎಲ್ಲವನ್ನೂ ಅದು ಬರೆದಿಡುತ್ತಿತ್ತು. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅಣ್ಣ ಅದನ್ನು ಓದಿದ. ತನ್ನ ಮನೆಯಲ್ಲಿದ್ದ ತಿಂಗಳು ಅಮ್ಮ ಹೆಚ್ಚು ಆಡಿದ್ದು ಎರಡೇ ಮಾತು: ‘ಸಾಕು’ ಮತ್ತು ‘ಮಲಗ್ತೀನಿ’. ತಂಗಿಯ ಮನೆಯಿಂದ ಬಂದ ಸಾಲುಗಳು ಪುಟಗಟ್ಟಲೆ ಇದ್ದವು. ‘ಇನ್ನೊಂದು ಸಲ ಹೇಳು.’ ‘ನಗು ತಡೀಲಾರೆ.’ ಬೆಳಿಗ್ಗೆ ಪದ್ಯ, ಸಂಜೆ ಪದ್ಯ. ಅವನು ಕೊನೆಯವರೆಗೂ ಓದಿದ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಏನಾಯಿತು ಎಂದು ಕೇಳಿದ್ದಕ್ಕೆ, ಒಂದು ಕೀ ವಾಪಸ್ ತಗೋಬೇಕು ಎಂದಷ್ಟೇ ಹೇಳಿದ.

ತಂಗಿಯ ಮನೆಯಲ್ಲಿ ಅಮ್ಮನ ತಿಂಗಳು ಮುಗಿದು ಎಂಟು ದಿನ ಮೇಲಾಗಿತ್ತು. ಒಂಬತ್ತನೆಯ ಬೆಳಿಗ್ಗೆ ಅಮ್ಮ ದೀಪ ಮುಟ್ಟಿದಳು. ಚಿಕ್ಕ ವೃತ್ತವೊಂದು ಸುತ್ತಿತು, ಸುತ್ತುತ್ತಲೇ ಇತ್ತು. ಬಟ್ಟಲು ಮುಟ್ಟಿದಳು. ಮಂಚ ಮುಟ್ಟಿದಳು. ಕೊನೆಗೆ ಟ್ಯಾಬ್ಲೆಟ್ಟನ್ನು ಎತ್ತಿ ಕಿವಿಗೆ ಒತ್ತಿಕೊಂಡಳು.

ತಂಗಿ ಫೋನ್ ಮಾಡಿದಳು.

“ಅಮ್ಮನ ದನಿ ಬರ್ತಿಲ್ಲ ಅಣ್ಣ.”

“ಗೊತ್ತು. ಆ ಕೀ ತೆಗೆದುಹಾಕಿದೀನಿ.”

“ಯಾಕೆ?”

“ತಿಂಗಳು ಅಂದ್ರೆ ಎಷ್ಟು ದಿನ ಅಂತ ನಿಂಗೆ ಗೊತ್ತಿಲ್ವಲ್ಲ, ಅದಕ್ಕೆ.”

“ಇವತ್ತೇ ಹೊಸದು ಹಾಕಿಕೊಡು. ಬೆಳಿಗ್ಗೆಯಿಂದ ಮೂಕಿ ಥರ ಕೂತಿದಾಳೆ.”

“ಮೂಕೀನೇ ಅಲ್ವಾ,” ಎಂದ ಅಣ್ಣ. ದನಿ ಏರಿಸಲಿಲ್ಲ. “ಕರ್ಕೊಂಡು ಬಾ. ದನಿ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಮನೇಲಿರೋರಿಗೆ ಕೀ ಬೇಕಾಗಲ್ಲ.”

ಅವಳು ನಾಲ್ಕು ದಿನ ಹಟ ಹಿಡಿದಳು. ಟ್ಯಾಬ್ಲೆಟ್ಟಿನ ಚಿತ್ರಗಳಿಗೆ ತನ್ನದೇ ದನಿ ತುಂಬಿ ಅಮ್ಮನ ಮುಂದಿಟ್ಟಳು. ಅಮ್ಮ ದೀಪ ಮುಟ್ಟಿದಳು. ಮಗಳ ಗಂಟಲಿನಿಂದ ಪದ್ಯ ಹೊರಟಿತು, ಎರಡನೆಯ ಸಾಲಿನಲ್ಲೇ ತಪ್ಪಿತು. ಅಮ್ಮ ಕೈ ಚಾಚಿ ಮಗಳ ಬಾಯನ್ನು ಮೆಲ್ಲಗೆ ಮುಚ್ಚಿದಳು. ಆಮೇಲೆ ಎದ್ದು ಹೋಗಿ ತನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು.

ಅಂಗಡಿಯ ಬಾಗಿಲಲ್ಲೇ ಅಣ್ಣ ಟ್ಯಾಬ್ಲೆಟ್ ತೆಗೆದುಕೊಂಡ, ಏನೋ ಒತ್ತಿ ಚಿತ್ರಗಳನ್ನು ಮತ್ತೆ ಪೆಟ್ಟಿಗೆಗೆ ಜೋಡಿಸಿದ, ಅಮ್ಮನ ಕೈಗೆ ಕೊಟ್ಟ. ಅವಳು ಅಲ್ಲೇ ನಿಂತು ದೀಪ ಮುಟ್ಟಿದಳು. ಅವಳ ಹಳೆಯ ತುಂಬುಗಂಟಲು ಅಂಗಡಿ ತುಂಬ ಹರಡಿತು. ಬೀಗ ಕೊಳ್ಳಲು ಬಂದ ಒಬ್ಬರು, ಯಾರು ಹೇಳೋದು ಇದನ್ನ, ಎಷ್ಟು ಚೆನ್ನಾಗಿದೆ ಎಂದರು. ನಮ್ಮಮ್ಮ ಎಂದ ಅಣ್ಣ, ಹೆಮ್ಮೆಯಿಂದ. ಅಮ್ಮನ ಕಣ್ಣಲ್ಲಿ ನೀರಿತ್ತು. ತಂಗಿಯನ್ನು ಯಾರೂ ಒಳಗೆ ಕರೆಯಲಿಲ್ಲ.

ಮುಂದಿನ ತಿಂಗಳ ಒಂದನೇ ತಾರೀಕು ಅವಳು ಫೋನ್ ಮಾಡಿ, ಇವತ್ತು ಅಮ್ಮನನ್ನು ಕರೆದೊಯ್ಯಲು ಬರುತ್ತೇನೆ ಎಂದಳು.

“ಅವಳನ್ನೇ ಕೇಳು,” ಎಂದ ಅಣ್ಣ. “ನಂದೇನಿಲ್ಲ. ಅವಳು ಹೂಂ ಅಂದ್ರೆ ನಾನೇ ತಂದು ಬಿಡ್ತೀನಿ. ಸ್ಪೀಕರಿಗೆ ಹಾಕಿದೀನಿ, ಕೇಳು.”

“ಅಮ್ಮ, ನಮ್ಮ ಮನೆಗೆ ಬರ್ತೀಯಾ?”

ಟಕ್ ಎಂದು ಬೆರಳು ಗಾಜಿಗೆ ತಾಗಿದ ಸದ್ದು ಬಂತು. ಮಾತು ಬರಲಿಲ್ಲ. ಮತ್ತೆ ಟಕ್. ಮತ್ತೆ, ಮತ್ತೆ, ಒಂದೇ ಕಡೆ.

“ಹಳದಿ ಬಾಗಿಲು ಮುಟ್ಟು ಅಮ್ಮ.”

“ಅದನ್ನೇ ಮುಟ್ತಿದಾಳೆ,” ಎಂದ ಅಣ್ಣ. “ಪೆಟ್ಟಿಗೆ ಸ್ವಲ್ಪ ಚೊಕ್ಕಟ ಮಾಡ್ದೆ. ಬೇಡದ್ದು ಬಹಳ ಇತ್ತು.”

ಕಸುಬಿನಲ್ಲೂ ಅವನ ರೀತಿ ಅದೇ. ಬಾಗಿಲನ್ನಾಗಲಿ ಹಿಡಿಯನ್ನಾಗಲಿ ಬದಲಿಸುತ್ತಿರಲಿಲ್ಲ. ಹಳೆಯ ಕೀಲಿಕೈ ತಿರುಗದಂತೆ ಬೀಗದ ಒಳಗಿನ ಹಲ್ಲಷ್ಟೇ ತೆಗೆಯುತ್ತಿದ್ದ. ಹೊರಗೆ ನಿಂತವರಿಗೆ ಎಲ್ಲ ಮೊದಲಿನಂತೆಯೇ ಕಾಣುತ್ತಿತ್ತು.

“ಅಳಿಸಿದ್ಯಾ?”

“ಬೇಕಾದ್ದು ಇದೆ. ಅಮ್ಮ, ಅವಳಿಗೆ ಹೇಳು. ಹೇಗಿದ್ದೀಯ ಹೇಳು.”

ಟಕ್ ಟಕ್ ಸದ್ದು ನಿಂತಿತು. ಅಣ್ಣ ಅಮ್ಮನ ಬೆರಳನ್ನು ಹಿಡಿದು ಸರಿಸಿದನೋ, ಅವಳೇ ಹುಡುಕಿ ಸೋತು ಮುಟ್ಟಿದಳೋ, ಫೋನಿನ ಈ ತುದಿಯಲ್ಲಿ ತಿಳಿಯುವಂತಿರಲಿಲ್ಲ.

“ನಾನು ಚೆನ್ನಾಗಿದ್ದೀನಿ,” ಎಂದಿತು ಅಮ್ಮನ ದನಿ, ಸ್ಪಷ್ಟವಾಗಿ, ಬೆಚ್ಚಗೆ. ಅದರ ಬಾಲಕ್ಕೆ ಅಂಟಿಕೊಂಡು ಕಿಸಕ್ಕನೆ ನಕ್ಕದ್ದು ಅಂದಿನ ಮಗಳೇ.

“ಅವಳ ಬಾಯಿಂದಲೇ ಕೇಳ್ದೆಯಲ್ಲ,” ಎಂದ ಅಣ್ಣ.