ನಿಲ್ಲುವ ಪಾಠ

"ನಿಂತೇ ಇದ್ದೀವಲ್ಲ ಮೇಡಮ್ಮು, ಇನ್ನೂ ಎಂಗೆ ನಿಲ್ಲದು?" ಎಂದಳು ಮಂಚಮ್ಮ.

"ನೀವು ನಿಂತಿಲ್ಲ ಮಂಚಮ್ಮ. ಬೀಳದ ಹಾಗೆ ತಡಕೊಂಡಿದ್ದೀರಿ," ಎಂದರು ಸುಬ್ಬಲಕ್ಷ್ಮಮ್ಮ. "ಎರಡೂ ಒಂದೇ ಅಲ್ಲ."

ಮಹಿಳಾ ಸಮಾಜದ ಹಾಲಿನಲ್ಲಿ ಸಾಲಾಗಿ ನಿಂತಿದ್ದ ಹೆಂಗಸರು ಇಷ್ಟು ವರ್ಷ ತಮ್ಮನ್ನು ಹೊತ್ತ ಕಾಲುಗಳನ್ನು ಅನುಮಾನದಿಂದ ನೋಡಿಕೊಂಡರು. ಸುಬ್ಬಲಕ್ಷ್ಮಮ್ಮ ಮೈಸೂರಿನಲ್ಲಿ ನರ್ಸಾಗಿದ್ದು, ನಿವೃತ್ತರಾಗಿ ನಂಜನಗೂಡಿಗೆ ಬಂದು ನೆಲೆಸಿದವರು. ರೋಗಿಗಳನ್ನು ಎತ್ತಿ ಎತ್ತಿ ಹಾಳಾಗಿದ್ದ ಸ್ವಂತ ಸೊಂಟವನ್ನು ಯಾವುದೋ ಗುರುಗಳ ಬಳಿ ರಿಪೇರಿ ಮಾಡಿಸಿಕೊಂಡಿದ್ದರು. ಆ ವಿದ್ಯೆಯನ್ನೇ ಈಗ ಭಾನುವಾರ ಬೆಳಿಗ್ಗೆ ಕಲಿಸುತ್ತಿದ್ದರು. ಯೋಗವೆಂದು ತಿಳಿದು ಬಂದವರೇ ಹೆಚ್ಚು. ಇಲ್ಲಿ ಮೂಗು ಹಿಡಿಯುವುದೂ ಇಲ್ಲ, ಕಾಲನ್ನು ಕತ್ತಿಗೆ ಹಾಕಿಕೊಳ್ಳುವುದೂ ಇಲ್ಲ ಎಂದು ಗೊತ್ತಾದ ಮೇಲೆ ಅರ್ಧ ಜನ ಮನೆಗೆ ಹೋದರು. ಉಳಿದವರು ಕುರ್ಚಿಯಿಂದ ಏಳುವುದು, ಬಿಂದಿಗೆ ಎತ್ತುವುದು, ಸುಮ್ಮನೆ ನಿಲ್ಲುವುದು ಕಲಿಯತೊಡಗಿದರು. ಮೊದಲ ದಿನ ತಲೆಯ ಕೆಳಗೆ ಪುಸ್ತಕವಿಟ್ಟು ಅಂಗಾತ ಮಲಗಿ ಎಂದಾಗ ದೊಡ್ಡ ಗಲಾಟೆಯಾಗಿತ್ತು. "ಸರಸ್ವತಿ ಮ್ಯಾಲೆ ತಲೆ ಮಡಗದಾ? ಎಣ್ಣೆ ತಲೆನಾ?" ಎಂದು ಮಂಚಮ್ಮ ಎದ್ದು ಕೂತಿದ್ದಳು. ಚರ್ಚೆ ನಡೆದು, ಹಳೆಯ ಟೆಲಿಫೋನ್ ಡೈರೆಕ್ಟರಿ ಸರಸ್ವತಿಯ ಲೆಕ್ಕಕ್ಕೆ ಬರುವುದಿಲ್ಲವೆಂದು ತೀರ್ಮಾನವಾಯಿತು. ಅಂದಿನಿಂದ ತಾಲ್ಲೂಕಿನ ಗಣ್ಯರ ನಂಬರುಗಳ ಮೇಲೆ ಹೆಂಗಸರು ನಿಶ್ಚಿಂತೆಯಿಂದ ತಲೆಯಿಟ್ಟು ಮಲಗುತ್ತಿದ್ದರು.

ಸಾಲಿನ ಕೊನೆಯಲ್ಲಿ ಇಂದ್ರಾಣಿ ನಿಂತಿದ್ದಳು. ಕೊನೆಯಲ್ಲಿ ನಿಲ್ಲುವುದು ಅವಳಿಗೆ ಶಾಲೆಯಿಂದ ಬಂದ ಅಭ್ಯಾಸ. ಎತ್ತರದವರ ಜಾಗ ಅದು. ಅವಳೂ ಮಂಚಮ್ಮನೂ ಬದನವಾಳಿನ ಖಾದಿ ಕೇಂದ್ರದಲ್ಲಿ ಅಕ್ಕಪಕ್ಕ ಕೂತು ನೂಲು ತೆಗೆಯುವವರು. ಇಂದ್ರಾಣಿಯ ಕತ್ತಿನಿಂದ ಬಲಭುಜದವರೆಗೆ ಹಗ್ಗ ಹುರಿಗೊಂಡಂಥ ನೋವು. ಮಾತ್ರೆ ನುಂಗಿದ್ದಳು, ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಳು, ಹೆಮ್ಮರಗಾಲದ ನಾಟಿ ವೈದ್ಯರೊಬ್ಬರ ಕೈಲಿ ಎಣ್ಣೆ ನೀವಿಸಿಕೊಂಡಿದ್ದಳು. ಈಚೆಗೆ ರಾಟೆ ತಿರುಗಿಸಲು ಕೈಯೇ ಏಳುತ್ತಿರಲಿಲ್ಲ. ಎಲ್ಲರೂ ರಾಟೆಯನ್ನೇ ಬೈಯುತ್ತಿದ್ದರು.

ಸುಬ್ಬಲಕ್ಷ್ಮಮ್ಮ ಅವಳನ್ನು ನೆಲದ ಮೇಲೆ ಕೂರಿಸಿ, ರಾಟೆ ಮುಂದಿದೆ ಎಂದುಕೊಂಡು ತಿರುಗಿಸಲು ಹೇಳಿದರು. ಇಂದ್ರಾಣಿ ಬರಿಗಾಳಿಯನ್ನು ತಿರುಗಿಸಿದಳು. ಬೆನ್ನು ಕಂಬದ ಹಾಗೆ ನೆಟ್ಟಗಿತ್ತು. ಆಮೇಲೆ ನಿಲ್ಲಲು ಹೇಳಿದರು. ನಿಂತ ಕೂಡಲೆ ಬಲಭುಜ ಇಳಿಯಿತು, ಕತ್ತು ಅತ್ತ ವಾಲಿತು, ಮಂಡಿಗಳು ತುಸು ಮಡಿಸಿಕೊಂಡವು. ಎತ್ತರದ ಹೆಂಗಸು ಎಲ್ಲರ ಕಣ್ಣೆದುರೇ ಸಣ್ಣವಳಾದಳು.

"ಕೂತು ಕೆಲಸ ಮಾಡುವಾಗ ಇಷ್ಟು ಚೆನ್ನಾಗಿದ್ದೀರಿ. ಸುಮ್ಮನೆ ನಿಂತಾಗ ಯಾಕೆ ಬಗ್ತೀರಿ?" ಸುಬ್ಬಲಕ್ಷ್ಮಮ್ಮ ಅವಳ ಸುತ್ತ ಒಂದು ಬಾರಿ ಬಂದರು. "ನಿಮ್ಮ ಬಲಗಡೆ ಯಾರು ನಿಲ್ತಾ ಇದ್ರು?"

ಇಂದ್ರಾಣಿ ಸೆರಗನ್ನು ಬಲಭುಜದ ಮೇಲೆ ಎಳೆದುಕೊಂಡಳು.

"ಇನ್ಯಾರು ನಿಂತಾರು? ನಮ್ ಲೈನ್‌ಮನ್ನು," ಎಂದಳು ಮಂಚಮ್ಮ.

ಮಾದೇಶ್ ಇಂದ್ರಾಣಿಯ ಗಂಡ. ಕೆಇಬಿ ಹೋಗಿ ಇಲಾಖೆಗೆ ಬೇರೆ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಅವನು ಕೆಇಬಿ ಮಾದೇಶನೇ. ಗಿಡ್ಡ ಆಳು. ಕಂಬ ಹತ್ತಿದಾಗ ಮಾತ್ರ ಊರಿಗೆಲ್ಲ ಎತ್ತರ. ಮದುವೆಯ ದಿನ ಅವಳು ಅವನ ಪಕ್ಕ ಬಂದು ನಿಂತಾಗ ಚಪ್ಪರದಲ್ಲಿ ಯಾರೋ ಕಿಸಕ್ಕೆಂದಿದ್ದರು. ಅತ್ತೆ ಜವರಮ್ಮ ಹಿಂದಿನಿಂದ ಬಂದು, ಸೆರಗು ಸರಿಮಾಡುವ ನೆಪದಲ್ಲಿ ಭುಜದ ಮೇಲೆ ಕೈಯೂರಿ ಒತ್ತಿದ್ದಳು. "ತಗ್ಗು ಕಣವ್ವ ಒಸಿ. ನಿನ್ ನೆಳ್ಳು ನನ್ ಮಗನ್ ಮ್ಯಾಲೆ ಬೀಳ್ತದೆ." ಇಂದ್ರಾಣಿ ತಗ್ಗಿದಳು.

ತಗ್ಗಿದ್ದು ನಾಚಿಕೆಗೆ ಎಂಬುದು ನಿಜ. ಆದರೆ ಬೇರೊಂದು ಸಂಗತಿಯೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂಬದ ಮೇಲಿಂದ ಊರಿಗೇ ಕೇಳುವಂತೆ ಕೂಗುತ್ತಿದ್ದ ಮಾದೇಶ್ ನೆಲಕ್ಕಿಳಿದರೆ ಪಿಸುಮಾತಿನವನು. ಸೆಕೆಂಡ್ ಶೋ ನೋಡಿ ನಡೆದು ಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಯಾರ ಮನೆಯವರು ಕೊಕ್ಕೆ ಹಾಕಿ ಕರೆಂಟು ಕದ್ದರು, ಯಾವ ಕಂಬದಲ್ಲಿ ಹಕ್ಕಿ ಗೂಡು ಕಟ್ಟಿತ್ತು, ಅದನ್ನು ಕೀಳಲು ಮನಸ್ಸಾಗದೆ ಇವನು ಮೇಲಧಿಕಾರಿಗೆ ಏನು ಸುಳ್ಳು ಹೇಳಿದ, ಇಂಥವೇ. ಕೇಳಬೇಕಾದರೆ ಅವಳು ಬಲಕ್ಕೆ ವಾಲಬೇಕಿತ್ತು. ನಾಚಿಕೆಯ ಬಾಗು ಎಲ್ಲಿ ಮುಗಿದು ಈ ಬಾಗು ಎಲ್ಲಿ ಶುರುವಾಯಿತೋ ಅವಳ ಭುಜಕ್ಕೂ ಗೊತ್ತಿರಲಿಲ್ಲ.

ಆಮೇಲೆ ಅವನಿಗೆ ತಿ. ನರಸೀಪುರಕ್ಕೆ ವರ್ಗವಾಯಿತು. ವಾರಕ್ಕೊಮ್ಮೆ ಬರುತ್ತಿದ್ದವನು ಹಬ್ಬಕ್ಕೆ ಬರುವವನಾದ. ಕ್ರಮೇಣ ಹಬ್ಬಗಳೇ ಕಡಿಮೆಯಾದವು. ಅಲ್ಲಿ ರೋಜಾ ಎಂಬವಳಿದ್ದಾಳೆ ಎಂಬ ಸುದ್ದಿಯನ್ನು ಮಂಚಮ್ಮ ನರಸೀಪುರದ ಸಂತೆಯಿಂದ ಬೆಲ್ಲದ ಜೊತೆ ತಂದಿದ್ದಳು. "ನೋಡ್ದೆ ಕಣಕ್ಕ. ಅಂಥಾ ರೂಪೇನಿಲ್ಲ. ಅವನ್ ಕಿವಿ ಮಟ್ಟಕ್ಕೆ ಬತ್ತಾಳೆ, ಅಷ್ಟೆ." ಅಷ್ಟೆ ಎಂದು ಅವಳು ಸಮಾಧಾನಕ್ಕೆ ಹೇಳಿದ್ದು. ಇಷ್ಟು ವರ್ಷ ಬಗ್ಗಿದರೂ ಇಂದ್ರಾಣಿಗೆ ಆ ಮಟ್ಟಕ್ಕೆ ಇಳಿಯಲಾಗಿರಲಿಲ್ಲ.

"ಭುಜ ಎತ್ತಬೇಡಿ," ಎನ್ನುತ್ತಿದ್ದರು ಸುಬ್ಬಲಕ್ಷ್ಮಮ್ಮ, ಎರಡು ಬೆರಳನ್ನು ಅವಳ ಕತ್ತಿನ ಹಿಂಭಾಗಕ್ಕೆ ಮುಟ್ಟಿಸಿ. "ಹಿಡಿದಿರೋದನ್ನ ಬಿಡಿ, ಅಷ್ಟೆ. ತಲೆ ತಾನಾಗಿ ಮೇಲೆ ಹೋಗುತ್ತೆ. ಎಲ್ಲಿ ಹಿಡಿದಿದ್ದೀರಿ ಅನ್ನೋದನ್ನ ಮಾತ್ರ ಗಮನಿಸ್ತಾ ಇರಿ."

ಇಂದ್ರಾಣಿ ಗಮನಿಸತೊಡಗಿದಳು. ಪಾತ್ರೆ ಉಜ್ಜುವಾಗ ಹಲ್ಲು ಕಚ್ಚುತ್ತಿದ್ದಳು. ಸೊಪ್ಪು ಸೋಸುವಾಗ ಉಸಿರು ಹಿಡಿಯುತ್ತಿದ್ದಳು. ಬದನವಾಳಿನ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಸಂಜೆ ಬಲಭುಜ ಮೆಲ್ಲಗೆ ಕೆಳಗಿಳಿಯುವುದು ತಿಳಿಯಿತು. ಅತ್ತ ತಿರುಗಿ ನೋಡಿದಳು. ರಸ್ತೆಯಂಚಿನ ಹುಣಸೆಮರದವರೆಗೆ ಯಾರೂ ಇರಲಿಲ್ಲ. ಕತ್ತನ್ನು ಬಿಟ್ಟಳು. ಭುಜ ತನ್ನ ಜಾಗಕ್ಕೆ ಬಂತು.

ನೋವು ಇಳಿಯಿತು. ಕೈ ಎದ್ದಿತು, ರಾಟೆ ತಿರುಗಿತು. "ಅದೇನ್ ಮೇಡಮ್ಮೋ, ಮಾಟಗಾತಿಯೋ," ಎಂದು ಮಂಚಮ್ಮ ಕೇಂದ್ರದಲ್ಲೆಲ್ಲ ಸಾರಿದಳು. ಎಲ್ಲರೂ ಮೆಚ್ಚಿದರು. ಇಂದ್ರಾಣಿಗೆ ಮಾತ್ರ ಒಂದು ನಷ್ಟ ಅರಿವಿಗೆ ಬಂದಿತ್ತು. ವಾಲಿ ನಿಂತಾಗ ಕಿವಿಯ ಬಳಿ ಅವನ ಮಾತು ಇದ್ದಂತೆಯೇ ಇರುತ್ತಿತ್ತು. ನೆಟ್ಟಗೆ ನಿಂತರೆ ಅಲ್ಲಿ ಗಾಳಿ ಮಾತ್ರ. ಸಂಜೆ ಒಲೆಯ ಮುಂದೆ, ಮಗಳು ಶಾಲಿನಿ ನೋಡದ ಹೊತ್ತು, ಬೇಕೆಂದೇ ಒಮ್ಮೆ ವಾಲುತ್ತಿದ್ದಳು. ನೋವು ಚುಳಕ್ಕೆಂದ ಮೇಲೆ ಮತ್ತೆ ನೆಟ್ಟಗಾಗುತ್ತಿದ್ದಳು.

ಶಾಲಿನಿಗೆ ಗಂಡು ಗೊತ್ತಾಯಿತು. ಧಾರೆ ಎರೆಯಲು ಹೆತ್ತವರಿಬ್ಬರೂ ಬೇಕು. ಇಲ್ಲದಿದ್ದರೆ ಚಿಕ್ಕಪ್ಪ ಚಿಕ್ಕಮ್ಮ ಎರೆಯಬೇಕು, ಊರು ಬಾಯಿ ಹಾಕಬೇಕು. ಶಾಲಿನಿ ಎಸ್‌ಟಿಡಿ ಬೂತಿನಿಂದ ನರಸೀಪುರಕ್ಕೆ ಫೋನ್ ಮಾಡಿದಳು. ಮಾದೇಶ್ ಬರುತ್ತೇನೆಂದನಂತೆ. ರೋಜಾಳೊಡನೆ ಬರುತ್ತಾನೋ ಒಬ್ಬನೇ ಬರುತ್ತಾನೋ ಎಂದು ಕೇಳಲು ಮಗಳಿಗೆ ಬಾಯಿ ಬಂದಿರಲಿಲ್ಲ. ಇಂದ್ರಾಣಿಯೂ ಕೇಳಲಿಲ್ಲ. ಅವನು ಊಟ ಮಾಡಿಕೊಂಡು ಹೋದಾನೇ, ಸಂಜೆವರೆಗೆ ಇದ್ದಾನೇ, ಮನೆಗೆ ಒಮ್ಮೆ ಬಂದು ಕೂತಾನೇ ಎಂದು ಒಳಗೊಳಗೇ ಆಸೆಯ ಒಂದೊಂದು ಮೆಟ್ಟಿಲು ಹತ್ತುತ್ತಿದ್ದಳು.

"ಅಕ್ಕ, ಅವತ್ತೊಂದಿನ ಮೊದ್ಲಿನಂಗೇ ಬಗ್ಬುಡು," ಎಂದಳು ಮಂಚಮ್ಮ ನೂಲಿನ ಲಡಿ ಸುತ್ತುತ್ತಾ. "ನೀನ್ ಇಂಗ್ ದೀಪದ್ ಕಂಬದಂಗೆ ನಿಂತ್ಕಂಡ್ರೆ ಅವ್ನು ಅತ್ತಿ ವೈರ್ ಕಟ್ತಾನೆ ಅಷ್ಟೆ."

"ನಗಾಡ್ಬ್ಯಾಡ ಸುಮ್ಕಿರು."

"ನಗಾಡದಲ್ಲ ಕಣಕ್ಕ. ಗಂಡಸ್ರು ಬಲ್ ಸೂಕ್ಷ್ಮ. ಚಪ್ರದಲ್ ಯಾರಾರ ನಕ್ರೆ ಬಸ್ ಅತ್ಕಂಡ್ ಓಯ್ತಾನೆ. ಬಗ್ಗಿದ್ರೆ ನಿನ್ ಗಂಟೇನ್ ಓಯ್ತದೆ?"

ಶಾಲಿನಿಯೂ ಅದನ್ನೇ ಬೇರೆ ಬಗೆಯಲ್ಲಿ ಹೇಳಿದಳು: "ಅಮ್ಮಾ, ಫೋಟೋದಲ್ಲಿ ಅಪ್ಪ ತುಂಬಾ ಕುಳ್ಳಗೆ ಕಾಣಿಸಬಾರದು, ಆಯ್ತಾ?"

ಇಂದ್ರಾಣಿ ಭಾನುವಾರ ಎಲ್ಲರೂ ಹೋಗುವವರೆಗೆ ಕಾದು ಸುಬ್ಬಲಕ್ಷ್ಮಮ್ಮನವರನ್ನು ಕೇಳಿದಳು. "ಒಂದಿನ ಬಗ್ಗುದ್ರೆ ಎಲ್ಲಾ ಆಳಾಗೋಯ್ತದಾ ಮೇಡಮ್?"

"ಏನೂ ಹಾಳಾಗೊಲ್ಲ. ಬಗ್ಗಬೇಕು ಅನ್ನಿಸಿದ್ರೆ ಬಗ್ಗಿ." ಅವರು ಡೈರೆಕ್ಟರಿಗಳನ್ನು ಬೀರುವಿನೊಳಗೆ ಜೋಡಿಸುತ್ತಿದ್ದರು. "ಬಗ್ತಾ ಇದ್ದೀನಿ ಅಂತ ಗೊತ್ತಿದ್ದು ಬಗ್ಗಿ."

ಬಾಗಿಲಲ್ಲಿ ಕಾಯುತ್ತಿದ್ದ ಮಂಚಮ್ಮ, "ಊ ಅಂದ್ರೋ ಊಹೂ ಅಂದ್ರೋ?" ಎಂದು ಬಸ್‌ಸ್ಟ್ಯಾಂಡಿನವರೆಗೂ ಪೀಡಿಸಿದಳು. ಇಂದ್ರಾಣಿ ಮಾತ್ರ ಬಗ್ಗುವುದೆಂದೇ ನಿಶ್ಚಯಿಸಿಕೊಂಡಿದ್ದಳು. ನೋವು ಬರಲಿ. ಅದರ ಪರಿಚಯವಿತ್ತು.

ಮದುವೆಯ ಬೆಳಿಗ್ಗೆ ಮಾದೇಶ್ ಒಬ್ಬನೇ ಬಂದ. ಕೂದಲಿಗೆ ಕಪ್ಪು ಹಚ್ಚಿದ್ದ, ಕಿವಿಯ ಮೇಲೂ ಸ್ವಲ್ಪ ಹತ್ತಿತ್ತು. ಛತ್ರದೊಳಗೆ ಕಾಲಿಟ್ಟವನು ಬೀಗರನ್ನು ನೋಡುವ ಮೊದಲು ಮೀಟರ್ ಬೋರ್ಡ್ ನೋಡಿದ. ಇಂದ್ರಾಣಿ ಅಡುಗೆಮನೆಯ ಬಾಗಿಲಿಂದ ಅದನ್ನು ಕಂಡಳು. ಹಿಂದಿನವನೇ, ಎಂದುಕೊಂಡಳು. ಅವನು ಅವಳತ್ತ ತಿರುಗಿ "ಚೆನ್ನಾಗಿದ್ದೀಯಾ?" ಎಂದಂತಿತ್ತು, ಅಷ್ಟು ದೂರದಿಂದ ಅವನ ಮಾತು ಯಾವ ಕಾಲಕ್ಕೂ ಕೇಳಿಸಿದ್ದಿಲ್ಲ. ಅವಳು ತಲೆಯಾಡಿಸಿದಳು.

ಮುಹೂರ್ತದ ಹೊತ್ತಿಗೆ ಇಬ್ಬರನ್ನೂ ಹಸೆಯ ಪಕ್ಕ ತಂದು ನಿಲ್ಲಿಸಿದರು. ಗಿಂಡಿಯಲ್ಲಿ ಹಾಲಿತ್ತು. ಇಬ್ಬರೂ ಹಿಡಿಯಬೇಕೆಂದರು ಪುರೋಹಿತರು. ಹಿಡಿದರು. ಅವನ ಅಂಗೈ ಇನ್ನೂ ಮೊದಲಿನಷ್ಟೇ ಒರಟಾಗಿತ್ತು. ಮಂಚಮ್ಮ ಎದುರು ಸಾಲಿನಿಂದ ಭುಜ ಇಳಿಸಿ ತೋರಿಸುತ್ತಿದ್ದಳು. ಇಂದ್ರಾಣಿ ತನ್ನ ಭುಜ ಇಳಿಯಲೆಂದು ಕಾದಳು. ಬಸ್ಸಿಗೆ ಕಾಯುವಾಗ, ಸೊಸೈಟಿಯ ಸಾಲಿನಲ್ಲಿ, ಯಾರೂ ಪಕ್ಕದಲ್ಲಿರದಾಗಲೆಲ್ಲ ಇಳಿಯುತ್ತಿದ್ದ ಭುಜ, ಅವನೇ ಬಂದು ನಿಂತಾಗ ಇಳಿಯಲಿಲ್ಲ. ಇನ್ನು ತಾನೇ ಇಳಿಸಬೇಕು. ಇಳಿಸುವುದು ಕಷ್ಟವೇನಲ್ಲ. ಅವಳ ಪಾದಗಳೆರಡೂ ನೆಲದ ಮೇಲೆ ಪೂರ್ತಿ ಊರಿದ್ದವು. ಈಗ ಬಗ್ಗುತ್ತೇನೆ, ಇನ್ನೊಂದು ಉಸಿರಾದ ಮೇಲೆ ಬಗ್ಗುತ್ತೇನೆ ಎಂದುಕೊಳ್ಳುತ್ತಿರುವಾಗಲೇ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗೆದ್ದಿತು. ವಾಲಗದವರು ಕೆನ್ನೆಯುಬ್ಬಿಸಿದರು. ಹಾಲು ಮಗಳ ಬೊಗಸೆಯ ತೆಂಗಿನಕಾಯಿಯ ಮೇಲೆ ಇಳಿಯತೊಡಗಿತು.

ಮಾದೇಶನ ತುಟಿ ಅಲುಗಿತು.

"ಏನು?" ಎಂದಳು ಇಂದ್ರಾಣಿ, ಇದ್ದಲ್ಲಿಂದಲೇ.

ಅವನು ಮತ್ತೆ ಹೇಳಿದ. ಡೋಲಿನ ಸದ್ದಿನಲ್ಲಿ ಅದೂ ಮುಳುಗಿಹೋಯಿತು. ಎಷ್ಟೋ ವರ್ಷದ ರೂಢಿಯಂತೆ ಅವಳ ಕಿವಿ ಇಳಿದು ಬರುವುದೆಂದು ಅವನು ಕಾದ. ಗಿಂಡಿ ಬಿಡುವಂತಿಲ್ಲ, ಪಕ್ಕಕ್ಕೆ ಸರಿಯುವಂತಿಲ್ಲ. ಮುಂದಿನ ಸಾಲಿನವರೆಲ್ಲ ನೋಡುತ್ತಿದ್ದರು. ಸುರಿಯುವ ಹಾಲಿನ ಮೇಲೆಯೇ ಕಣ್ಣಿಟ್ಟಿದ್ದ ಇಂದ್ರಾಣಿಗೆ ಕೆಳಗೆ ಚಾಪೆಯ ಮೇಲೆ ಅವನ ಹಿಮ್ಮಡಿಗಳು ಮೇಲೇಳುವುದು ಕಂಡಿತು. ಕಂಬ ಹತ್ತಿ ಹತ್ತಿ ಒಡೆದ ಹಿಮ್ಮಡಿಗಳು. ಬಿಸಿಯುಸಿರು ಅವಳ ಕಿವಿಗೆ ತಾಗಿತು.

"ಕರೆಂಟ್ ಓದ್ರೆ ಜನರೇಟರ್ ಐತಾ ಅಂದೆ."

ಛತ್ರದ ಹಿತ್ತಿಲಲ್ಲಿ ಜನರೇಟರ್ ಇತ್ತು. ಡೀಸೆಲ್ ಕೂಡ ಹಾಕಿಸಿಟ್ಟಿದ್ದರು. ಇಂದ್ರಾಣಿ ಹೇಳಲು ಅವಸರ ಮಾಡಲಿಲ್ಲ. ಹಾಲು ಸಣ್ಣಗೆ ಸುರಿಯುತ್ತಿತ್ತು, ವಾಲಗ ಊದುತ್ತಲೇ ಇತ್ತು, ಉತ್ತರಕ್ಕಾಗಿ ಅವನು ಇನ್ನೂ ತುದಿಗಾಲಿನ ಮೇಲೆಯೇ ನಿಂತಿದ್ದ.