ಸೋಡಿಯಂ ನೂರ ಹದಿನಾರು

"ಇನ್ನೊಂದು ಸಲ ಅಮ್ಮನ ಮೇಲೆ ಕೈ ಎತ್ತು, ಆಮೇಲೆ ನೀನು ಈ ಮನೆಯಲ್ಲಿ ಮಲಗೋ ಹಾಗಿಲ್ಲ. ಇದು ನನ್ನ ಮಾತು." ಎಲ್ವಿರಾ ಅಪ್ಪನಿಗೆ ಹಾಗೆಂದಾಗ ಅವಳಿಗೆ ಹದಿನಾರು, ಕೈಯಲ್ಲಿ ಮಚ್ಚಿತ್ತು. ಅಂದು ಅಪ್ಪ ಟೆಯೊಡುಲೊ ತೆಂಗಿನ ಕಳ್ಳು ಕುಡಿದು ಬಂದು ದೋಣಿಯ ಹುಟ್ಟಿನಿಂದ ಹೆಂಡತಿಯ ಮೊಣಕೈ ಮುರಿದಿದ್ದ. ಅನಂತರ ಇಪ್ಪತ್ತೆರಡು ವರ್ಷ ಅವನು ಕಳ್ಳು ಮುಟ್ಟಲಿಲ್ಲ, ಕೈಯನ್ನೂ ಎತ್ತಲಿಲ್ಲ.

ಒಂದು ಬೆಳಿಗ್ಗೆ, ಎಪ್ಪತ್ತೆಂಟರ ಆ ಮುದುಕ ಒಲೆಯ ಪಕ್ಕದ ಸೌದೆ ಎತ್ತಿಕೊಂಡ. ಗಂಜಿ ಕಲಕುತ್ತಿದ್ದ ಹೆಂಡತಿ ಕ್ರಿಸ್ಪಿನಾ ತಿರುಗಿ ನೋಡುವಷ್ಟರಲ್ಲಿ ಬಾಯಿಗೇ ಬೀಸಿದ. ಎರಡು ಹಲ್ಲು ಗಂಜಿಗೆ ಬಿದ್ದವು. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಎಲ್ವಿರಾ ಓಡಿ ಬಂದು ಅವನನ್ನು ಕೆಡವಿದಳು. ಅವನು ಅವಳ ಮುಂಗೈ ಕಚ್ಚಿದ. ಅವಳು ಎದೆಯ ಮೇಲೆ ಮೊಣಕಾಲೂರಿ, ಬಲೆಯ ಹಗ್ಗದಿಂದ ಅವನನ್ನು ಕಂಬಕ್ಕೆ ಬಿಗಿದಳು.

ಕೂಗಾಟ ಕೇಳಿ ಆರೋಗ್ಯ ಕೇಂದ್ರದ ನರ್ಸ್ ನೊರ್ಮಾ ಬಂದಳು. ಮುದುಕನ ಕಣ್ಣು ನೋಡಿ, "ರಕ್ತ ಪರೀಕ್ಷೆ ಚೀಟಿ ಎಲ್ಲೇ? ಬಂದ ತಕ್ಷಣ ತೋರ್ಸು ಅಂದಿದ್ನಲ್ಲ?" ಎಂದಳು.

"ತೋರ್ಸೋದೇನಿತ್ತಕ್ಕಾ?" ಎಲ್ವಿರಾ ಗೋಡೆಯ ಮೊಳೆಯಿಂದ ಚೀಟಿ ಕಿತ್ತು ಕೊಟ್ಟಳು. "ಜಾಸ್ತಿ ಅಂತ 'ಎಚ್' ಹಾಕಿದ್ದಿದ್ದು ಯೂರಿಕ್ ಆಸಿಡ್ ಒಂದಕ್ಕೇ. ಕಾಳು ನಿಲ್ಸಿದೆ. ಸೋಡಿಯಂ, ಅದೇ ಉಪ್ಪಿನ ಸಾಲಲ್ಲಿ, ಕಮ್ಮಿ ಅಂತ 'ಎಲ್' ಇತ್ತು. ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ? ಬಿಪಿ ಅಂತ ಎರಡು ತಿಂಗಳಿಂದ ಒಣಮೀನು ಮೂಸೋಕೂ ಬಿಟ್ಟಿಲ್ಲ."

"ನೂರ ಹದಿನಾರು! ನೂರ ಮೂವತ್ತೈದಾದ್ರೂ ಇರ್ಬೇಕು ಕಣೇ. ಬಿಪಿಗೆ ಅಂತ ನೀರಿಳಿಸೋ ಮಾತ್ರೆ ನುಂಗಿಸಿ, ಉಪ್ಪೂ ಬಿಡಿಸಿದ್ರೆ ವಯಸ್ಸಾದವರಿಗೆ ತಲೆ ನಿಲ್ಲಲ್ಲ. ಇನ್ನೂ ಇಳಿದ್ರೆ ಫಿಟ್ಸ್ ಬಂದು ಹೋಗ್ಬಿಡ್ತಾರೆ. ಬಿಚ್ಚು ಹಗ್ಗ!"

"ಹಾಗಾದ್ರೆ ಹೊಡೆದಿದ್ದು ಉಪ್ಪು?" ಎಲ್ವಿರಾ ನಕ್ಕಳು. "ಅಮ್ಮನ ಕೈ ಮುರಿದ ದಿನ ಎಷ್ಟಿತ್ತಂತೆ ಉಪ್ಪು?"

ಕ್ರಿಸ್ಪಿನಾ ಬಾಯಿಗೊತ್ತಿದ್ದ ಬಟ್ಟೆ ತೆಗೆದಳು.

"ಆಗೆಲ್ಲ ನನ್ನ ಹೆಸರು ಹಿಡಿದು ಬೈದು ಹೊಡೀತಿದ್ದ. ಇವತ್ತು 'ಯಾರೇ ನೀನು, ನನ್ನ ಹೆಂಡ್ತಿನ ಏನ್ಮಾಡ್ದೆ' ಅಂದ. ಬಿಚ್ಚೇ."

ಎಲ್ವಿರಾ ಬಿಚ್ಚಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಆರು ದಿನ ಹನಿಹನಿಯಾಗಿ ಉಪ್ಪುನೀರು ಹತ್ತಿಸಿದರು. ಶನಿವಾರ ಮಧ್ಯಾಹ್ನ ಟೆಯೊಡುಲೊ ತನ್ನ ಕಾಲಮೇಲೆ ನಡೆದು ಮನೆಯ ಮೆಟ್ಟಿಲು ಹತ್ತಿದ. ಹೆಂಡತಿಯ ಊದಿದ ತುಟಿ ನೋಡಿ ಅವನ ಕುತ್ತಿಗೆಯ ನರ ಉಬ್ಬಿತು.

"ಯಾವನೇ ಅವನು? ಹೇಳು, ಕೈ ಕಡಿದುಹಾಕ್ತೀನಿ."

"ಬಾವಿಕಟ್ಟೆ ಹತ್ರ ಜಾರಿದೆ ಮಾರಾಯ. ಊಟ ಮಾಡು ಬಾ."

ಅವನು ನಂಬಲಿಲ್ಲ. ಮಗಳ ಕಡೆ ತಿರುಗಿದ. ಮಾತ್ರೆಯಿಂದ ಹಾಗಾಯಿತು ಎನ್ನು, ಉಪ್ಪು ಬಿಡಿಸಿದ್ದು ನಾನೇ ಎನ್ನು ಎಂದು ನೊರ್ಮಾ ಆಸ್ಪತ್ರೆಯಲ್ಲಿ ನಾಲ್ಕು ಸಲ ಹೇಳಿಕೊಟ್ಟಿದ್ದಳು. ಅಮ್ಮ ಅಪ್ಪನ ಬೆನ್ನ ಹಿಂದಿನಿಂದ ಬೇಡ ಬೇಡವೆಂದು ಕೈ ಆಡಿಸುತ್ತಿದ್ದಳು.

"ನೀನೇ," ಎಂದಳು ಎಲ್ವಿರಾ.

ಮುದುಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಕಡಲ ದಂಡೆಯಲ್ಲಿ ತಮ್ಮನ ದೋಣಿಕೊಟ್ಟಿಗೆಯ ಕಡೆ ನಡೆದ. ಕ್ರಿಸ್ಪಿನಾ ಅನ್ನದ ತಟ್ಟೆ ಹಿಡಿದುಕೊಂಡೇ ಅವನ ಹಿಂದೆ ಬೇಲಿಯವರೆಗೆ ಹೋದಳು.

ಎಲ್ವಿರಾ ಕರೆಯಲಿಲ್ಲ. ಟೆಯೊಡುಲೊ ಮತ್ತೆಂದೂ ಆ ಮನೆಯಲ್ಲಿ ಮಲಗಲಿಲ್ಲ. ಅವಳು ಮಾತು ಉಳಿಸಿಕೊಂಡಳು.