ಹಿಂದಿನ ಎರಡು ಚಕ್ರ

ತುಕ್ಕು ಮತ್ತೆ ಬಾಯಿಗೆ ಬಿತ್ತು, ಉಪ್ಪುಪ್ಪು, ಕಡಲ ಗಾಳಿ ತಿಂದ ಕಬ್ಬಿಣದ ರುಚಿಯೇ ಹೀಗೆ, ಎಷ್ಟು ಉಗಿದರೂ ನಾಲಿಗೆಯ ಬುಡದಲ್ಲಿ ಕೂತೇ ಇರುತ್ತದೆ — ಎತ್ತಿ ನಿಲ್ಲಿಸಿದ ಕಾರಿನ ಹೊಟ್ಟೆಯ ಕೆಳಗೆ ಕತ್ತು ಮೇಲೆ ಮಾಡಿ ನಿಂತಿದ್ದೇನೆ, ಇಪ್ಪತ್ತೆರಡು ವರ್ಷದ ಹಳೆಯ ಹೊಂಡಾ ಸಿಟಿ, ಡಿಕ್ಕಿಯಿಂದ ಇಳಿದು ಒಣಗಿದ ಮೀನಿನ ನೀರಿನ ನಾತ, ಚಕ್ರದ ಗೂಡಿನ ಕೆಸರಿನಲ್ಲಿ ಯಾರದೋ ಗುಟ್ಕಾದ ಉಗುಳು, ಥೂ, ಆದರೆ ಥೂ ಅನ್ನುವುದು ಅದಕ್ಕಲ್ಲ, ಹಿಂದಿನ ಎರಡೂ ಚಕ್ರ ಮೇಲ್ಗಡೆ ಒಳಕ್ಕೆ ವಾಲಿವೆ, ಹೊರಗಿಂದ ನೋಡಿದರೆ ಟೈರು ಇನ್ನೂ ಎರಡು ವರ್ಷ ಓಡುವ ಹಾಗಿದೆ, ಒಳಮಗ್ಗುಲಲ್ಲಿ ರಬ್ಬರೇ ಇಲ್ಲ, ತಂತಿ ಎದ್ದಿದೆ — ಯಾವ ಮುಠ್ಠಾಳ ಮಾಡಿದ್ದು ಎಂದು ಬೈಯೋಣವೆಂದರೆ ಸ್ಪ್ರಿಂಗ್ ಕತ್ತರಿಸಿದ ಗುರುತು ನನ್ನ ಗ್ರೈಂಡರಿನದೇ. ಮೂರು ವರ್ಷದ ಹಿಂದೆ ಅಜಯ ಬಂದಿದ್ದ, ಮೀನಿನ ಬೋಟಿಗೆ ಹೋಗುವ ಹುಡುಗ, ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗಬೇಕು ನಾಗಪತಣ್ಣ ಅಂದ, ಆತು ಅಂದೆ, ಒಂದೂವರೆ ಸುತ್ತು ಕತ್ತರಿಸಿದೆ, ಕಿಡಿ ಹಾರುವಾಗ ಇಬ್ಬರೂ ನಗುತ್ತಿದ್ದೆವು, ಹಾಗೆ ಕಾರು ತಗ್ಗಿಸಿದರೆ ಚಕ್ರ ವಾಲುತ್ತದೆ, ಅದನ್ನು ಸರಿ ಮಾಡಬೇಕೆಂದು ನನಗೂ ಗೊತ್ತಿತ್ತು, ಅವನಿಗೆ ಅವಸರ, ನನಗೆ ಹಸಿವು, ಹೊನ್ನಾವರದಲ್ಲಿ ಅವತ್ತು ಒಳ್ಳೆ ಬಂಗುಡೆ ಮೀನು ಬಂದಿತ್ತು. ಆಮೇಲೆ ಅವನು ಮಲ್ಪೆಯ ಬೋಟು ಹತ್ತಿದ, ಕಾರು ಅವನ ಅಕ್ಕನ ಕೈಗೆ ಬಂತು, ದಿವ್ಯಶ್ರೀ, ಅಪ್ಸರಕೊಂಡದ ಕೆಳಗಿನ ಮನೆಯಿಂದ ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆಂದು ಕುಮಟಾಕ್ಕೆ ಕರೆದೊಯ್ಯುತ್ತಾಳೆ, ಶರಾವತಿ ಸೇತುವೆ ದಾಟಿ ಹೋಗುವುದು, ದಾಟಿ ಬರುವುದು, ಹಿಂದಿನ ಸೀಟಿನಲ್ಲಿ ಆ ಅಮ್ಮ, ತಿಮ್ಮಕ್ಕ, ಬಾಯಿ ತೆರೆದು ನಿದ್ದೆ.

ಎಂಟು ತಿಂಗಳ ಹಿಂದೆ ಅವಳು ಕಾರು ತಂದಾಗಲೇ ಚಕ್ರದ ವಾಲಿಕೆ ಅಳೆಯುವ ಯಂತ್ರ ಹೇಳಿತ್ತು, ಮುಂದಿನ ಎರಡನ್ನು ತಿದ್ದಿ ಪರದೆಯ ಮೇಲೆ ಹಸಿರು ಮಾಡಿದೆ, ಹಿಂದಿನ ಎರಡೂ ಕೆಂಪು, ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಅಲುಗಲಿಲ್ಲ, ಬೆಂಕಿ ಕೊಟ್ಟು ಬಿಡಿಸಬೇಕು, ಅರ್ಧ ದಿನದ ಕೆಲಸ, ಸೆಕೆ, ಬೆವರು, ಬೇಡ — ಪರದೆಯನ್ನು ಗೋಡೆಯ ಕಡೆ ತಿರುಗಿಸಿದೆ, ಎಲ್ಲ ಸರಿ ಅದೆ, ಹೆದರ್ಬೇಡ ಎಂದೆ, ಈ ಬಾಯಿಂದಲೇ, ಈಗ ತುಕ್ಕು ತುಂಬಿದ ಈ ಬಾಯಿಂದಲೇ. ಮೊನ್ನೆ ಮಳೆಯಲ್ಲಿ ಸೇತುವೆಯ ಮೇಲೆ ಕಾರಿನ ಹಿಂಭಾಗ ಜಾರಿತಂತೆ, ಕಟ್ಟೆಗೆ ಒಂದು ಗೇಣು ಬಿಟ್ಟು ನಿಂತಿತಂತೆ, ಹೇಳುವಾಗ ಅವಳು ತನ್ನದೇ ತಪ್ಪು ಎಂಬಂತೆ ನಗುತ್ತಿದ್ದಳು, ನಾನು ಜೋರು ಹೊಡೆದೆ ಕಾಣ್ತದೆ ಅಂದಳು. ಕಾರು ಇಲ್ಲೇ ಬಿಟ್ಟು ಹೋಗು ಅಂದೆ. ಮರುದಿನ ಭಟ್ಕಳದ ಗುಜರಿ ಜಾಲಾಡಿ ಕತ್ತರಿಸದ ಸ್ಪ್ರಿಂಗ್ ತಂದೆ, ಬೋಲ್ಟನ್ನು ಕೆಂಪಗೆ ಕಾಯಿಸಿ ಬಿಡಿಸಿದೆ, ಚಕ್ರವನ್ನು ಮೇಲಿಂದ ಹಿಡಿದಿಡುವ ತೋಳಿನ ಬುಡಕ್ಕೆ ಎರಡೆರಡು ವಾಷರ್ ಕೊಟ್ಟು ಚಕ್ರದ ತಲೆಯನ್ನು ಹೊರಕ್ಕೆ ತಳ್ಳಿದೆ, ಹೊಸ ಟೈರು, ಈಗ ನಾಲ್ಕೂ ಹಸಿರು, ಅಷ್ಟೇ ಕೆಲಸ, ಅರ್ಧ ದಿನವೂ ಆಗಲಿಲ್ಲ, ಅಷ್ಟಕ್ಕೆ ಮೈಗಳ್ಳತನ, ಹಂದಿ.

ಮಧ್ಯಾಹ್ನ ಇಬ್ಬರೂ ಬಸ್ಸಿಳಿದು ಬಂದಿದ್ದಾರೆ, ತಿಮ್ಮಕ್ಕ ಆಗಲೇ ಹಿಂದಿನ ಸೀಟಿನಲ್ಲಿ, ದಿವ್ಯಶ್ರೀ ಬಾಗಿಲು ಹಿಡಿದು ನಿಂತು, ನೀವು ನೋಡ್ತ್ರಿ ಅಂದ್ರೆ ನಮ್ಗೆ ಧೈರ್ಯ ಅನ್ನುತ್ತಿದ್ದಾಳೆ, ಸುಮ್ಮನಿದ್ದರೆ ಹೋಗಿಬಿಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿರು, ಆದರೆ ಬಾಯಿ ತೆರೆದುಕೊಂಡಿತು — ಅವತ್ತೂ ಹಿಂದಿನ ಚಕ್ರ ಸರಿ ಇರ್ಲಿಲ್ಲ ತಂಗೀ, ನಂಗೆ ಗೊತ್ತಿತ್ತು, ಸುಳ್ಳು ಹೇಳ್ದೆ, ಸ್ಪ್ರಿಂಗ್ ಕತ್ತರಿಸ್ದವನೂ ನಾನೇ. ಅವಳು ಬೈಯಲಿಲ್ಲ, ಬೈದಿದ್ದರೆ ಆಗುತ್ತಿತ್ತು, ಅವತ್ತೇ ಹೇಳಿದ್ರೆ ನಾವು ಬಸ್ಸಿಗೆ ಹೋತಿದ್ದೆವಲ್ಲ ನಾಗಪತಣ್ಣ, ಅಷ್ಟೇ ಅಂದಳು, ಕೀಲಿ ತಗೊಂಡಳು. ಕಾರು ಹೊರಟಿತು, ಹಿಂದಿನಿಂದ ನೋಡುತ್ತೇನೆ, ಚಕ್ರ ಎರಡೂ ನೆಟ್ಟಗೆ, ಇಷ್ಟು ನೆಟ್ಟಗೆ ನಾನು ಯಾವ ಕಾರನ್ನೂ ನಿಲ್ಲಿಸಿಲ್ಲ, ಆದರೆ ನೋಡುತ್ತಿರುವುದು ಅದನ್ನಲ್ಲ, ಹಿಂದಿನ ಗಾಜಿನೊಳಗೆ ತಿಮ್ಮಕ್ಕನ ಕೈ, ಸೂಜಿ ಚುಚ್ಚಿ ಚುಚ್ಚಿ ನರ ಉಬ್ಬಿದ ಕೈ, ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದೆ, ಎಲ್ಲ ಕೇಳಿಸಿಕೊಂಡಿದ್ದಾಳೆ, ಕಾರು ಹೆದ್ದಾರಿಗೆ ಹತ್ತಿತು, ಸೇತುವೆಯ ಕಡೆ ತಿರುಗಿತು, ಕೈ ಹಿಡಿಕೆ ಬಿಡಲಿಲ್ಲ, ಇನ್ನು ಅವಳು ನಿದ್ದೆ ಮಾಡುವುದಿಲ್ಲ, ಕುಮಟಾಕ್ಕೆ ಹೋಗುವಾಗ ಆ ಕೈ, ಬರುವಾಗ ಆ ಕೈ, ಉಬ್ಬಿದ ನರ, ಹಿಡಿಕೆ, ಆ ಕೈ —